ಹಣೆಬರಹಕ್ಕೆ ಹೊಣೆ ಯಾರು: ‘ಸ್ಲಾಟರ್‌ಹೌಸ್-ಫೈವ್’ ಕಾದಂಬರಿಯಲ್ಲಿ ವಿಧಿ, ಇಚ್ಛೆ, ಯುದ್ಧ

“ಹಣೆಬರಹಕ್ಕೆ ಹೊಣೆ ಯಾರು” ಅನ್ನುವ ಮಾತು ನಮ್ಮೆಲ್ಲರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಸಾವಿನ ಮನೆಯಲ್ಲಿ, ಮಗನನ್ನು ಕಳೆದುಕೊಂಡ ತಾಯಿಯ ಬೆನ್ನು ಸವರುತ್ತಾ ಹಿರಿಯರೊಬ್ಬರು ಹಾಗೆ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕಳಪೆ ಕಾಮಗಾರಿಯ ಸೇತುವೆ ಕುಸಿದು ಜನ ಸತ್ತ ಮೇಲೆ, ಅದನ್ನು ಕಟ್ಟಿದ ಗುತ್ತಿಗೆದಾರನೇ ಬಂದು ಅದೇ ಮಾತು ಆಡಿದರೆ ಊರು ಸುಮ್ಮನಿರುವುದಿಲ್ಲ, ಇರಲೂಬಾರದು. ಮಾತು ಒಂದೇ, ಆಡಿದ ಬಾಯಿ ಬೇರೆ. ಸ್ನೇಹಿತರೆ, ಇವತ್ತು ಮಾತಿಗೆ ಎತ್ತಿಕೊಂಡಿರುವ ಕಾದಂಬರಿಯನ್ನು ಓದಲು ಇಷ್ಟು ಗೊತ್ತಿದ್ದರೆ ಅರ್ಧ ದಾರಿ ನಡೆದ ಹಾಗೆ. ‘ಸ್ಲಾಟರ್‌ಹೌಸ್-ಫೈವ್’ನಲ್ಲಿ ವಿಧಿ ಗೆಲ್ಲುತ್ತದೋ ಮನುಷ್ಯನ ಇಚ್ಛೆ ಗೆಲ್ಲುತ್ತದೋ ಎಂದು ಕೇಳುವ ಮೊದಲು, “ಆಗಬೇಕಾದ್ದು ಆಯಿತು” ಅಂತ ಅಲ್ಲಿ ಯಾರು ಹೇಳುತ್ತಿದ್ದಾರೆ, ಯಾವುದರ ಬಗ್ಗೆ ಹೇಳುತ್ತಿದ್ದಾರೆ ಎಂದು ನೋಡಬೇಕು.

ಮೊದಲು ಕಾದಂಬರಿಯ ಹಿಂದಿನ ಸಂಗತಿ. ಇದನ್ನು ಬರೆದ ಕರ್ಟ್ ವಾನೆಗಟ್ ಹುಟ್ಟಿದ್ದು 1922ರ ನವೆಂಬರ್ 11ರಂದು, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದುತ್ತಿದ್ದವರು 1943ರಲ್ಲಿ ಸೈನ್ಯ ಸೇರಿದರು. 106ನೇ ಪದಾತಿ ಡಿವಿಜನ್ನಿನ ಜೊತೆ ಎರಡನೇ ಮಹಾಯುದ್ಧದ ಯುರೋಪಿನ ರಣರಂಗಕ್ಕೆ ಹೋದರು. 1944ರ ಡಿಸೆಂಬರಿನಲ್ಲಿ ಬಲ್ಜ್ ಕದನದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕಿ, ಕೂಲಿ ಕೆಲಸಕ್ಕಾಗಿ ಜರ್ಮನಿಯ ಡ್ರೆಸ್ಡೆನ್ ನಗರಕ್ಕೆ ಬಂದರು. ಸೆರೆಯಾಳುಗಳನ್ನು ಇಟ್ಟಿದ್ದು ಅಲ್ಲಿನ ಕಸಾಯಿಖಾನೆಯ ಐದನೇ ನಂಬರಿನ ಕಟ್ಟಡದಲ್ಲಿ. ಕಾದಂಬರಿಯ ಹೆಸರು ಬಂದಿದ್ದು ಅಲ್ಲಿಂದಲೇ. 1945ರ ಫೆಬ್ರವರಿ 13ರ ರಾತ್ರಿ ಬ್ರಿಟನ್ನಿನ ಸುಮಾರು 800 ಬಾಂಬರ್ ವಿಮಾನಗಳು ಮೂರು ಗಂಟೆಯ ಅಂತರದಲ್ಲಿ ಎರಡು ಅಲೆಯಾಗಿ ಬಂದವು. ಮರುದಿನ ಹಗಲಲ್ಲಿ ಅಮೆರಿಕದ 300ಕ್ಕೂ ಹೆಚ್ಚು ವಿಮಾನಗಳು ಬಂದವು. ನೆಲದಡಿಯ ಮಾಂಸದ ಕೋಣೆಯಲ್ಲಿ ಕೂತಿದ್ದ ಸೆರೆಯಾಳುಗಳು ಉಳಿದರು, ಮೇಲಿನ ಊರು ಉಳಿಯಲಿಲ್ಲ. ಆಮೇಲೆ ಅದೇ ಸೆರೆಯಾಳುಗಳ ಕೈಯಲ್ಲಿ ಅವಶೇಷಗಳಡಿಯ ಹೆಣ ತೆಗೆಸಿದರು. ಈ ಅನುಭವ ಪುಸ್ತಕವಾಗಲು 24 ವರ್ಷ ಬೇಕಾಯಿತು. ಪ್ರಕಟವಾದದ್ದು 1969ರ ಮಾರ್ಚ್‌ನಲ್ಲಿ, ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ.

ಡ್ರೆಸ್ಡೆನ್ ಉರಿದ ಬಗೆ ತಿಳಿದುಕೊಳ್ಳುವುದು ಈ ವಿಷಯಕ್ಕೆ ಬಹಳ ಮುಖ್ಯ, ಯಾಕೆಂದರೆ “ವಿಧಿ” ಅನ್ನುವ ಪದ ಎದುರಾದಾಗ ನೆನಪಿಗೆ ಬರಬೇಕಾದ್ದು ಅದೇ. ಮೊದಲು ಸ್ಫೋಟಕ ಬಾಂಬುಗಳು ಮನೆಗಳ ಚಾವಣಿ ಕಿತ್ತು ಕಿಟಕಿಗಳನ್ನು ಒಡೆಯುತ್ತವೆ. ತೆರೆದ ಮನೆಗಳ ಒಳಗೆ ಬೆಂಕಿಬಾಂಬುಗಳು ಬೀಳುತ್ತವೆ. ನೂರಾರು ಕಡೆ ಹೊತ್ತಿದ ಬೆಂಕಿ ಒಂದಾಗಿ, ಕಾದ ಗಾಳಿ ಕಂಬದ ಹಾಗೆ ಮೇಲೇಳುತ್ತದೆ. ಆ ಜಾಗ ತುಂಬಲು ಸುತ್ತಲಿನ ಗಾಳಿ ಬಿರುಗಾಳಿಯಾಗಿ ಒಳನುಗ್ಗಿ ಬೆಂಕಿಯನ್ನು ಇನ್ನಷ್ಟು ಊದುತ್ತದೆ. ನೆಲಮಾಳಿಗೆಗಳಲ್ಲಿ ಅಡಗಿದ್ದವರಲ್ಲಿ ಎಷ್ಟೋ ಜನರಿಗೆ ಬೆಂಕಿ ತಾಗಲೇ ಇಲ್ಲ, ಅವರು ಸತ್ತದ್ದು ಕಾರ್ಬನ್ ಮೊನಾಕ್ಸೈಡ್ ಕುಡಿದು. ಮೊದಲ ಅಲೆಗೂ ಎರಡನೇ ಅಲೆಗೂ ನಡುವೆ ಮೂರು ಗಂಟೆ ಬಿಟ್ಟಾಗ ಬೆಂಕಿ ಹರಡಲು ಸಮಯ ಸಿಗುತ್ತದೆ, ಆರಿಸಲು ಬೀದಿಗಿಳಿದವರೂ ಎರಡನೆಯ ದಾಳಿಗೆ ಸಿಗುತ್ತಾರೆ. ಇಷ್ಟೂ ಮನುಷ್ಯರು ಕೂತು ಹಾಕಿದ ಲೆಕ್ಕ.

ಪುಸ್ತಕದಲ್ಲಿರುವ ಒಂದು ತಪ್ಪನ್ನೂ ಇಲ್ಲೇ ತಿದ್ದಿಕೊಳ್ಳೋಣ. ಕಾದಂಬರಿ ಹೇಳುವ ಸಾವಿನ ಸಂಖ್ಯೆ 1,35,000. ಅದು ಡೇವಿಡ್ ಅರ್ವಿಂಗ್ ಎಂಬ ಬ್ರಿಟಿಷ್ ಲೇಖಕ 1963ರಲ್ಲಿ ಬರೆದ ಪುಸ್ತಕದಿಂದ ಬಂದದ್ದು. ಡ್ರೆಸ್ಡೆನ್ ನಗರ ನೇಮಿಸಿದ ಇತಿಹಾಸಕಾರರ ಆಯೋಗ ವರ್ಷಗಟ್ಟಲೆ ದಾಖಲೆ ಶೋಧಿಸಿ 2010ರಲ್ಲಿ ಕೊಟ್ಟ ವರದಿಯ ಪ್ರಕಾರ ಸತ್ತವರು ಹೆಚ್ಚೆಂದರೆ 25,000. ವಾನೆಗಟ್ ಅರಿತು ಸುಳ್ಳು ಬರೆದವರಲ್ಲ. ಆದರೆ ಆ ಉಬ್ಬಿಸಿದ ಅಂಕಿಯನ್ನು ಇವತ್ತಿಗೂ ನಾಜಿಗಳ ಪಾಪ ತೊಳೆಯಲು ಬಳಸುವವರಿದ್ದಾರೆ. ಕಾದಂಬರಿಯನ್ನು ಪಾಠ ಮಾಡುವವರು ಈ ತಿದ್ದುಪಡಿಯನ್ನು ಮೊದಲ ದಿನವೇ ಹೇಳಿಬಿಡಬೇಕು. 25,000 ಜನರ ಸಾವಿಗೆ ಯಾವ ಉತ್ಪ್ರೇಕ್ಷೆಯೂ ಬೇಕಿಲ್ಲ.

ಇನ್ನು ಕತೆ. ಬಿಲ್ಲಿ ಪಿಲ್‌ಗ್ರಿಮ್ 1922ರಲ್ಲಿ ಹುಟ್ಟಿದವನು. ಸೈನ್ಯದಲ್ಲಿ ಪಾದ್ರಿಯ ಸಹಾಯಕ, ಕೈಯಲ್ಲಿ ಆಯುಧವೂ ಇಲ್ಲ. 1944ರಲ್ಲಿ ಸೆರೆ, 1945ರಲ್ಲಿ ಡ್ರೆಸ್ಡೆನ್. 1948ರಲ್ಲಿ ಮನಸ್ಸು ಕುಸಿದು ಮಾಜಿ ಸೈನಿಕರ ಆಸ್ಪತ್ರೆ. ಆಮೇಲೆ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿ, ವಲೆನ್ಸಿಯಾ ಎಂಬ ಸಿರಿವಂತರ ಮಗಳೊಡನೆ ಮದುವೆ, ಇಬ್ಬರು ಮಕ್ಕಳು. 1967ರಲ್ಲಿ, ಮಗಳ ಮದುವೆಯ ರಾತ್ರಿ, ಟ್ರಾಲ್ಫಮಡೋರ್ ಗ್ರಹದವರು ಅವನನ್ನು ಹಾರುವ ತಟ್ಟೆಯಲ್ಲಿ ಹೊತ್ತೊಯ್ದು ತಮ್ಮ ಮೃಗಾಲಯದಲ್ಲಿ ಇಡುತ್ತಾರೆ. 1968ರಲ್ಲಿ ವಿಮಾನ ಅಪಘಾತ. 1976ರ ಫೆಬ್ರವರಿ 13ರಂದು ಷಿಕಾಗೋದಲ್ಲಿ ಕೊಲೆ. ಹೀಗೆ ಸಾಲಾಗಿ ಹೇಳಿದರೆ ಸಾದಾ ಜೀವನಚರಿತ್ರೆ. ಪುಸ್ತಕದಲ್ಲಿ ಇದು ಸಾಲಾಗಿ ಇಲ್ಲ. ಬಿಲ್ಲಿ ಕಾಲದ ಗೂಟದಿಂದ ಕಳಚಿಕೊಂಡವನು, 1944ರ ಹಿಮದಲ್ಲಿ ಕಣ್ಣು ಮುಚ್ಚಿದರೆ 1965ರಲ್ಲಿ ತೆರೆಯುತ್ತಾನೆ. ಎಲ್ಲಿಗೆ ಹೋಗಬೇಕು ಅನ್ನುವುದು ಅವನ ಕೈಯಲ್ಲಿಲ್ಲ.

ಓದುಗರು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲೇ. ಮೊದಲ ಓದಿನಲ್ಲೇ ಇಸವಿ ಜೋಡಿಸುತ್ತಾ ಕೂತರೆ ಪುಸ್ತಕ ಒಗಟಾಗಿಬಿಡುತ್ತದೆ. ಹತ್ತು ಅಧ್ಯಾಯ, ಸುಮಾರು 200 ಪುಟ. ಮೊದಲ ಸಲ ಎರಡು ಮೂರು ದಿನದಲ್ಲಿ ಒಂದೇ ಓಟಕ್ಕೆ ಓದಿ. ಎರಡನೇ ಓದಿಗೆ ಒಂದು ಹಾಳೆಯಲ್ಲಿ ಮೂರು ಅಂಕಣ ಗೀಚಿಕೊಳ್ಳಿ. “ಇದು ಹೀಗೇ ಆಗಬೇಕಿತ್ತು, ಬೇರೆ ದಾರಿಯಿರಲಿಲ್ಲ” ಎಂಬ ಅರ್ಥದ ಮಾತು ಬಂದಲ್ಲೆಲ್ಲ ಮೊದಲನೆಯದರಲ್ಲಿ ಆಡಿದವರ ಹೆಸರು, ಎರಡನೆಯದರಲ್ಲಿ ಯಾವ ಘಟನೆಯ ಬಗ್ಗೆ, ಮೂರನೆಯದರಲ್ಲಿ ಆ ಮಾತಿನಿಂದ ಯಾರ ಹೆಗಲು ಹಗುರವಾಯಿತು. ಹಾಳೆ ತುಂಬುತ್ತಾ ಬಂದಂತೆ ಕಾದಂಬರಿಯ ಒಳಗಿನ ವಾದ ತಾನಾಗಿ ಕಾಣತೊಡಗುತ್ತದೆ.

ಟ್ರಾಲ್ಫಮಡೋರಿನವರ ಎತ್ತರ ಎರಡು ಅಡಿ, ಬಣ್ಣ ಹಸಿರು. ಸಿಂಕು ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲಿನ ಕೋಲನ್ನು ನೆಲದ ಮೇಲೆ ನಿಲ್ಲಿಸಿದ ಹಾಗಿರುತ್ತಾರೆ. ಕೋಲಿನ ತುದಿಯಲ್ಲಿ ಪುಟ್ಟ ಕೈ, ಅಂಗೈಯಲ್ಲಿ ಒಂದು ಕಣ್ಣು. ಅವರಿಗೆ ಕಾಲವೂ ಜಾಗದ ಹಾಗೆ ಒಟ್ಟಿಗೇ ಕಾಣುತ್ತದೆ, ನಾವು ಬೆಟ್ಟದ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡುವಂತೆ. ಒಂದು ಕ್ಷಣ ಹೋಗಿ ಇನ್ನೊಂದು ಬರುತ್ತದೆ, ಹೋದದ್ದು ಹೋಯಿತು ಅನ್ನುವುದು ಭೂಮಿಯವರ ಭ್ರಮೆಯಂತೆ. ಎಲ್ಲ ಕ್ಷಣಗಳೂ ಯಾವಾಗಲೂ ಇವೆ, ಗಟ್ಟಿಯಾದ ಮರದಂಟಿನೊಳಗೆ ಸಿಕ್ಕ ಹುಳದ ಹಾಗೆ ನಾವು ನಮ್ಮ ನಮ್ಮ ಕ್ಷಣದೊಳಗಿದ್ದೇವೆ. ಜೀವಿಗಳಿರುವ 31 ಗ್ರಹಗಳನ್ನು ಕಣ್ಣಾರೆ ಕಂಡು ಇನ್ನೂ 100 ಗ್ರಹಗಳ ವರದಿ ಓದಿದ್ದೇನೆ, ಸ್ವತಂತ್ರ ಇಚ್ಛೆಯ ಮಾತು ಕೇಳಿಬರುವುದು ಭೂಮಿಯಲ್ಲಿ ಮಾತ್ರ ಎಂದು ಅವರಲ್ಲೊಬ್ಬ ಬಿಲ್ಲಿಗೆ ಹೇಳುತ್ತಾನೆ.

ಇದರ ಹಿಂದೆ ನಿಜವಾದ ಭೌತಶಾಸ್ತ್ರವಿದೆ. ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಸಾಪೇಕ್ಷತೆಗೆ 1908ರಲ್ಲಿ ಹರ್ಮನ್ ಮಿಂಕೋವ್‌ಸ್ಕಿ ರೇಖಾಗಣಿತದ ರೂಪ ಕೊಟ್ಟು, ಕಾಲ ಮತ್ತು ದೇಶ ಎರಡೂ ಸೇರಿದ ನಾಲ್ಕು ಆಯಾಮದ ಹಂದರವೊಂದನ್ನು ಮುಂದಿಟ್ಟರು. ಅಲ್ಲಿ “ಈಗ” ಎಂಬುದು ಎಲ್ಲರಿಗೂ ಒಂದೇ ಅಲ್ಲ. ನನ್ನ “ಈಗ”ದಲ್ಲಿ ಇಲ್ಲದ ಘಟನೆ, ಬೇರೆ ವೇಗದಲ್ಲಿ ಸಾಗುತ್ತಿರುವ ಇನ್ನೊಬ್ಬರ “ಈಗ”ದೊಳಗೆ ಬರಬಹುದು. ಇದರಿಂದಲೇ ಹಲವು ತತ್ವಶಾಸ್ತ್ರಜ್ಞರು ಭೂತ, ಭವಿಷ್ಯ ಎಲ್ಲವೂ ಸಮಾನವಾಗಿ ಇವೆ ಎಂಬ ನಿಲುವಿಗೆ ಬಂದದ್ದು. ಇಲ್ಲಿಯವರೆಗೆ ಟ್ರಾಲ್ಫಮಡೋರಿನವರ ಮಾತಿಗೆ ಆಧಾರವಿದೆ.

ಅವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಾಳೆ ಎಂಬುದು ಇದ್ದೇ ಇದೆ ಅಂದಮಾತ್ರಕ್ಕೆ, ನಾನು ಏನೇ ಮಾಡಿದರೂ ಅದು ಹಾಗೇ ಇರುತ್ತದೆ ಅಂತ ಆಗುವುದಿಲ್ಲ. ನಾನು ಮಾಡುವುದರಿಂದಲೇ ಅದು ಹಾಗಿರುವುದು. ಈ ವ್ಯತ್ಯಾಸವನ್ನು ಗ್ರೀಕರು ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಬಿಡಿಸಿಟ್ಟಿದ್ದರು. ಈ ವ್ಯತ್ಯಾಸವನ್ನು ಮರೆಯುವ ವಾದಕ್ಕೆ “ಸೋಮಾರಿ ವಾದ” ಅಂತ ಹೆಸರು. ರೋಗಿ ಗುಣವಾಗುವುದು ಬರೆದಿದ್ದರೆ ವೈದ್ಯ ಬಂದರೂ ಬಾರದಿದ್ದರೂ ಗುಣವಾಗುತ್ತಾನೆ, ಸಾಯುವುದು ಬರೆದಿದ್ದರೆ ವೈದ್ಯ ಬಂದರೂ ಸಾಯುತ್ತಾನೆ, ಹಾಗಾದರೆ ವೈದ್ಯನನ್ನು ಕರೆಯುವುದೇಕೆ? ಸ್ತೋಯಿಕ್ ಪಂಥದ ಕ್ರಿಸಿಪ್ಪಸ್ ಕೊಟ್ಟ ಉತ್ತರ ಇದು: ಗುಣವಾಗುವುದು ಬರೆದಿದ್ದರೆ ವೈದ್ಯನನ್ನು ಕರೆಯುವುದೂ ಅದರ ಜೊತೆಗೇ ಬರೆದಿದೆ, ಎರಡನ್ನೂ ಬೇರ್ಪಡಿಸಲಾಗದು. ಕ್ರಿಸಿಪ್ಪಸ್ ವಿಧಿಯನ್ನು ಪೂರ್ತಿ ನಂಬಿದವನು. ಆದರೂ ಕೈಕಟ್ಟಿ ಕೂರುವುದಕ್ಕೆ ವಿಧಿಯನ್ನು ನೆಪ ಮಾಡಲು ಬಿಡಲಿಲ್ಲ.

ಈಗ ಹಾಳೆಗೆ ಮರಳೋಣ. ಮೊದಲ ಸಾಲಿಗೆ ಟ್ರಾಲ್ಫಮಡೋರಿನ ವಿಮಾನ ಚಾಲಕ. ವಿಶ್ವ ಕೊನೆಯಾಗುವುದು ಹೇಗೆಂದು ಅವರಿಗೆ ಗೊತ್ತು. ಹಾರುವ ತಟ್ಟೆಗೆ ಹೊಸ ಇಂಧನ ಪರೀಕ್ಷಿಸುವಾಗ ಅವರದೇ ಚಾಲಕನೊಬ್ಬ ಗುಂಡಿ ಒತ್ತುತ್ತಾನೆ, ಇಡೀ ವಿಶ್ವ ಇಲ್ಲವಾಗುತ್ತದೆ. ಗೊತ್ತಿದ್ದ ಮೇಲೆ ತಡೆಯಬಾರದೆ ಎಂದು ಬಿಲ್ಲಿ ಕೇಳುತ್ತಾನೆ. ಅವನು ಯಾವಾಗಲೂ ಒತ್ತಿದ್ದಾನೆ, ಯಾವಾಗಲೂ ಒತ್ತುತ್ತಾನೆ, ನಾವು ಯಾವಾಗಲೂ ಬಿಡುತ್ತೇವೆ, ಆ ಕ್ಷಣದ ರಚನೆಯೇ ಹಾಗೆ ಎಂಬ ಉತ್ತರ ಬರುತ್ತದೆ. ಈ ಉತ್ತರದಲ್ಲಿ “ನಾವು ಬಿಡುತ್ತೇವೆ” ಅನ್ನುವ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಬಿಡುವುದು ಒಂದು ಕೆಲಸ, ಅದಕ್ಕೆ ಕರ್ತೃವಿದೆ. ಕರ್ತೃ ತನ್ನನ್ನು ತಾನೇ ವಾಕ್ಯದಿಂದ ಅಳಿಸಿಕೊಳ್ಳಲು ನೋಡುತ್ತಿದ್ದಾನೆ.

ಎರಡನೆಯದು ಒಂದು ಜೋಡಿ, ಪುಸ್ತಕದಲ್ಲಿ ಅಕ್ಕಪಕ್ಕದ ಅಧ್ಯಾಯಗಳಲ್ಲಿದೆ. ತನ್ನನ್ನು ಹೊತ್ತೊಯ್ದ ಟ್ರಾಲ್ಫಮಡೋರಿನವರನ್ನು ಬಿಲ್ಲಿ “ನನ್ನನ್ನೇ ಯಾಕೆ?” ಎಂದು ಕೇಳಿದಾಗ, ನೀನೇ ಯಾಕೆ, ನಾವೇ ಯಾಕೆ, ಯಾವುದಾದರೂ ಯಾಕೆ ಎಂದು ತಿರುಗಿ ಕೇಳುತ್ತಾರೆ. ಜರ್ಮನ್ ಕಾವಲುಗಾರನೊಬ್ಬ ಅಮೆರಿಕನ್ ಸೆರೆಯಾಳನ್ನು ಹೊಡೆದು ಕೆಡವಿದಾಗ ಅವನೂ “ನನ್ನನ್ನೇ ಯಾಕೆ?” ಅನ್ನುತ್ತಾನೆ. ಕಾವಲುಗಾರ ಅವನನ್ನು ಸಾಲಿಗೆ ತಳ್ಳುತ್ತಾ, ನೀನೇ ಯಾಕೆ, ಯಾರೇ ಆದರೂ ಯಾಕೆ, ಅನ್ನುತ್ತಾನೆ. ಬೇರೆ ಗ್ರಹದ ಜ್ಞಾನಿಯ ತತ್ವವೂ ಹೊಡೆಯುವ ಕಾವಲುಗಾರನ ಗದರಿಕೆಯೂ ಒಂದೇ ವಾಕ್ಯ. ಕಾದಂಬರಿಕಾರ ಇದನ್ನು ಕಾಕತಾಳೀಯವಾಗಿ ಇಟ್ಟಿರಲಾರ. ಆದರೂ ಟ್ರಾಲ್ಫಮಡೋರಿನ ಮಾತನ್ನೇ ವಾನೆಗಟ್ ಅವರ ಸಂದೇಶ ಎಂದು ಬರೆಯುವ ವಿಮರ್ಶೆಗಳು ಬಹಳ. ಈ ಎರಡು ಪುಟಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹಾಗೆ ಬರೆಯಲಾರರು.

ಮೂರನೆಯವನು ರಮ್‌ಫೋರ್ಡ್. ಹಾರ್ವರ್ಡ್ ಪ್ರಾಧ್ಯಾಪಕ, ವಾಯುಪಡೆಯ ಇತಿಹಾಸಕಾರ. 1968ರಲ್ಲಿ ಆಸ್ಪತ್ರೆಯಲ್ಲಿ ಬಿಲ್ಲಿಯ ಪಕ್ಕದ ಹಾಸಿಗೆ ಅವನದು. ವಾಯುಪಡೆಯ 27 ಸಂಪುಟಗಳ ಅಧಿಕೃತ ಇತಿಹಾಸದಲ್ಲಿ ಡ್ರೆಸ್ಡೆನ್ನಿನ ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಈಗ ತಾನು ಬರೆಯುತ್ತಿರುವ ಪುಸ್ತಕದಲ್ಲಿ ಏನಾದರೂ ಬರೆಯಬೇಕು. ನಾನು ಅಲ್ಲಿದ್ದೆ ಎಂದು ಬಿಲ್ಲಿ ಹೇಳಿದರೆ ಮೊದಲು ನಂಬುವುದೇ ಇಲ್ಲ. ನಂಬಿದ ಮೇಲೆ ಹೇಳುವುದು, ಅದನ್ನು ಮಾಡಲೇಬೇಕಿತ್ತು, ಮಾಡಬೇಕಾಗಿ ಬಂದವರ ಬಗ್ಗೆ ಮರುಕಪಡು, ಅಂತ. ಬಿಲ್ಲಿ ಒಪ್ಪುತ್ತಾನೆ. ಎಲ್ಲವೂ ಸರಿಯೇ, ಪ್ರತಿಯೊಬ್ಬರೂ ತಾವು ಮಾಡುವುದನ್ನೇ ಮಾಡಬೇಕು, ಇದನ್ನು ಟ್ರಾಲ್ಫಮಡೋರಿನಲ್ಲಿ ಕಲಿತೆ ಅನ್ನುತ್ತಾನೆ. ಮೂರನೇ ಅಂಕಣ ತುಂಬುವಾಗ ಇಲ್ಲಿ ಕೈ ತಡೆಯುತ್ತದೆ. ಬಿಲ್ಲಿಗೆ ಈ ನಂಬಿಕೆ ಮದ್ದು. ಕಂಡದ್ದನ್ನು ಕಂಡು ಹುಚ್ಚು ಹಿಡಿಯದೆ ಬದುಕಲು ಅದು ಬೇಕು. ಅದೇ ಮದ್ದು ರಮ್‌ಫೋರ್ಡ್‌ನ ಕೈಗೆ ಬಂದರೆ ಅವನ ಪುಸ್ತಕದ ಒಂದು ಕಷ್ಟದ ಪುಟ ಸುಲಭವಾಗಿಬಿಡುತ್ತದೆ. ಗಾಯಗೊಂಡವನೇ ಗಾಯ ಮಾಡಿದವರ ಪರವಾಗಿ ಕ್ಷಮಾಪತ್ರ ಬರೆದುಕೊಟ್ಟ ಹಾಗೆ.

ಬಿಲ್ಲಿಯ ಬದುಕಿನಲ್ಲಿ ಅವನ ಕೈಯಲ್ಲೇ ಇದ್ದ ಸಂದರ್ಭಗಳೂ ಇವೆ. 1967ರಲ್ಲಿ ಲಯನ್ಸ್ ಕ್ಲಬ್ಬಿನ ಊಟದ ಸಭೆಯಲ್ಲಿ ನೌಕಾಪಡೆಯ ಮರೀನ್ ಮೇಜರ್ ಒಬ್ಬ, ವಿಯೆಟ್ನಾಂನಲ್ಲಿ ಹೋರಾಡದೆ ಬೇರೆ ದಾರಿಯಿಲ್ಲ, ಬೇಕಾದರೆ ಉತ್ತರ ವಿಯೆಟ್ನಾಂ ಅನ್ನು ಶಿಲಾಯುಗಕ್ಕೆ ಮರಳುವಷ್ಟು ಬಾಂಬಿನಿಂದ ಬಡಿಯಬೇಕು ಅನ್ನುತ್ತಾನೆ. ಬಾಂಬು ಏನು ಮಾಡುತ್ತದೆ ಎಂದು ಆ ಕೋಣೆಯಲ್ಲಿ ಬಿಲ್ಲಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನು ತುಟಿ ಬಿಚ್ಚುವುದಿಲ್ಲ. ಅದೇ ಅಧ್ಯಾಯದಲ್ಲಿ ಅವನ ಕಚೇರಿಯ ಗೋಡೆಯ ಮೇಲಿನ ಪ್ರಾರ್ಥನೆ ಬರುತ್ತದೆ, ಬದಲಾಯಿಸಲಾಗದ್ದನ್ನು ಒಪ್ಪುವ ಶಾಂತಿ, ಆಗುವುದನ್ನು ಬದಲಾಯಿಸುವ ಧೈರ್ಯ, ಎರಡರ ವ್ಯತ್ಯಾಸ ತಿಳಿಯುವ ವಿವೇಕ ಕೊಡು ಅಂತ. ಬಿಲ್ಲಿಗೆ ಬದಲಾಯಿಸಲು ಆಗದವುಗಳಲ್ಲಿ ಭೂತ, ವರ್ತಮಾನ, ಭವಿಷ್ಯ ಮೂರೂ ಸೇರಿದ್ದವು ಎಂದು ನಿರೂಪಕ ಒಂದೇ ಸಾಲು ಸೇರಿಸುತ್ತಾನೆ. ಧೈರ್ಯಕ್ಕೂ ವಿವೇಕಕ್ಕೂ ಕೆಲಸವೇ ಉಳಿಯಲಿಲ್ಲ.

ವಿಮಾನ ಅಪಘಾತದ್ದು ಇನ್ನೂ ಕಷ್ಟದ ಉದಾಹರಣೆ. ಕಣ್ಣಿನ ವೃತ್ತಿಯವರ ಸಮ್ಮೇಳನಕ್ಕೆ ಬಾಡಿಗೆ ವಿಮಾನ ಹೊರಟಿದೆ. ಅದು ಬೀಳುತ್ತದೆ ಎಂದು ಬಿಲ್ಲಿಗೆ ಗೊತ್ತು. ಮಾವ ಪಕ್ಕದ ಸೀಟಿನಲ್ಲೇ ಕೂತಿದ್ದಾರೆ. ಕೆಳಗೆ ವಲೆನ್ಸಿಯಾ ಚಾಕೊಲೇಟ್ ತಿನ್ನುತ್ತಾ ಕೈ ಬೀಸುತ್ತಿದ್ದಾಳೆ. ಬಿಲ್ಲಿ ಯಾಕೆ ಹೇಳಲಿಲ್ಲ? ವಿಧಿಯನ್ನು ತಡೆಯಲಾಗದು ಎಂಬ ಕಾರಣವನ್ನು ನಿರೂಪಕ ಕೊಡುವುದಿಲ್ಲ. ಹೇಳಿ ನಗೆಪಾಟಲಾಗುವುದು ಅವನಿಗೆ ಬೇಕಿರಲಿಲ್ಲ, ಅಷ್ಟೇ. ತತ್ವಜ್ಞಾನದ ಪರದೆ ಸರಿಸಿದರೆ ಹಿಂದೆ ಇರುವುದು ನಾಚಿಕೆ. ಎಷ್ಟೋ ಅನಾಹುತಗಳ ಮುನ್ನ, ಗೊತ್ತಿದ್ದವರ ಬಾಯಿ ಕಟ್ಟುವುದು ಇದೇ.

ಆ ಅಪಘಾತದ ಸುದ್ದಿ ಕೇಳಿ ಆಸ್ಪತ್ರೆಗೆ ಧಾವಿಸುವ ವಲೆನ್ಸಿಯಾ ಕಾರಿನ ಹೊಗೆಕೊಳವೆ ಕಳಚಿ, ಕಾರ್ಬನ್ ಮೊನಾಕ್ಸೈಡ್ ಕುಡಿದು ಸಾಯುತ್ತಾಳೆ, ಡ್ರೆಸ್ಡೆನ್ನಿನ ನೆಲಮಾಳಿಗೆಗಳಲ್ಲಿ ಸತ್ತವರ ಹಾಗೆ. ಬಿಲ್ಲಿ ಕೊಲೆಯಾಗುವ ದಿನಾಂಕ ಫೆಬ್ರವರಿ 13, ಡ್ರೆಸ್ಡೆನ್ನಿನ ಮೇಲೆ ಮೊದಲ ಬಾಂಬು ಬಿದ್ದ ದಿನಾಂಕ. ಬಿಲ್ಲಿಯ ಕಡೆಯಿಂದ ಇದು ವಿಧಿ. ಓದುವ ನಮಗೆ ಇದು ಒಬ್ಬ ಲೇಖಕ ಮೇಜಿನ ಮುಂದೆ ಕೂತು ಆರಿಸಿದ ವಿವರ. ಕಾದಂಬರಿಯೊಳಗಿನ ಹಣೆಬರಹಕ್ಕೆ ಹೊಣೆ ಇರುವವರು ಒಬ್ಬರಿದ್ದಾರೆ, ಅವರು ಅಡಗಿಕೊಳ್ಳುವುದೂ ಇಲ್ಲ. ಮೊದಲ ಮತ್ತು ಕೊನೆಯ ಅಧ್ಯಾಯ ಅವರದೇ ದನಿಯಲ್ಲಿವೆ, ನಡುವೆಯೂ ಸೆರೆಯಾಳುಗಳ ಗುಂಪಿನಿಂದ ತಲೆಯೆತ್ತಿ ಅದು ನಾನೇ ಅನ್ನುತ್ತಾರೆ. ಮೊದಲ ಅಧ್ಯಾಯದಲ್ಲಿ ಯುದ್ಧದ ಗೆಳೆಯನ ಹೆಂಡತಿ ಮೇರಿ ಓಹೇರ್ ಸಿಟ್ಟಾಗುತ್ತಾರೆ. ಆಗ ನೀವೆಲ್ಲ ಹಸುಳೆಗಳಾಗಿದ್ದಿರಿ, ಈಗ ಗಂಡಸರ ಸಾಹಸ ಎಂಬಂತೆ ಬರೆಯುತ್ತೀರಿ, ಅದನ್ನು ನೋಡಿ ಇನ್ನಷ್ಟು ಮಕ್ಕಳನ್ನು ಯುದ್ಧಕ್ಕೆ ಕಳಿಸುತ್ತಾರೆ, ಅಂತ. ಹಾಗೆ ಬರೆಯುವುದಿಲ್ಲ ಎಂದು ವಾನೆಗಟ್ ಮಾತು ಕೊಡುತ್ತಾರೆ, ಪುಸ್ತಕಕ್ಕೆ ‘ಮಕ್ಕಳ ಧರ್ಮಯುದ್ಧ’ ಎಂಬ ಉಪಶೀರ್ಷಿಕೆ ಇಡುತ್ತಾರೆ, ಅರ್ಪಣೆಯಲ್ಲಿ ಆಕೆಯ ಹೆಸರು ಹಾಕುತ್ತಾರೆ. ಇಚ್ಛೆಗೆ ಜಾಗವಿಲ್ಲ ಅನ್ನುವ ಪುಸ್ತಕ ಶುರುವಾಗುವುದೇ ಕೊಟ್ಟ ಮಾತೊಂದನ್ನು ಉಳಿಸಿಕೊಳ್ಳುವುದರಿಂದ.

ಕನ್ನಡಕ್ಕೆ ತರುವವರಿಗೆ ಇಲ್ಲಿ ಒಂದು ದೊಡ್ಡ ತೊಡಕಿದೆ. ಸಾವಿನ ಮಾತು ಬಂದಾಗಲೆಲ್ಲ ನಿರೂಪಕ ಮೂರು ಪುಟ್ಟ ಪದಗಳ ಒಂದೇ ವಾಕ್ಯ ಹೇಳುತ್ತಾನೆ: “ಸೋ ಇಟ್ ಗೋಸ್”. ಎಣಿಸಿದವರ ಲೆಕ್ಕದಲ್ಲಿ 106 ಸಲ, ಅಂದರೆ ಎರಡು ಪುಟಕ್ಕೆ ಒಂದರಂತೆ. “ಎಲ್ಲ ವಿಧಿ” ಅಂದರೆ ತಪ್ಪಾಗುತ್ತದೆ, ಮೂಲದಲ್ಲಿ ವಿಧಿಯೆಂಬ ಕರ್ತೃ ಇಲ್ಲ. “ಇರಲಿ ಬಿಡಿ” ಅಂದರೆ ತಾತ್ಸಾರ ಹೆಚ್ಚು. ನಮ್ಮಲ್ಲಿ “ಕಾಲವಾದರು” ಎಂಬ ಅದ್ಭುತ ಪದವಿದೆ. ಕಾಲದಿಂದ ಕಳಚಿಕೊಂಡವನ ಕತೆಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಅದು ಗೌರವದ ಪದ, ಹಿರಿಯರಿಗೆ ಮೀಸಲು. ಮೂಲದ ವಾಕ್ಯ ಡ್ರೆಸ್ಡೆನ್ನಿನಲ್ಲಿ ಸುಟ್ಟ ತಾಯಿಗೂ ಬರುತ್ತದೆ, ಸೆರೆಯಾಳುಗಳ ಬಟ್ಟೆ ಕಾಯಿಸಿದಾಗ ಕೋಟಿಗಟ್ಟಲೆ ಸತ್ತ ಹೇನಿಗೂ ಬರುತ್ತದೆ, ನೊರೆ ಇಳಿದು ಸಪ್ಪೆಯಾದ ಷಾಂಪೇನಿಗೂ ಬರುತ್ತದೆ. ಹೇನು “ಕಾಲವಾದವು” ಅನ್ನಲಾಗದು. “ಹಾಗೆ ನಡೆಯುತ್ತದೆ” ಎಂಬುದು ಸಾಲುತ್ತದೆ. ಅದರಲ್ಲಿ ನಿಟ್ಟುಸಿರೂ ಕೇಳುತ್ತದೆ, ಹೆಗಲು ಕುಣಿಸುವುದೂ ಕೇಳುತ್ತದೆ, ಯಾವುದೆಂದು ಓದುಗನೇ ತೀರ್ಮಾನಿಸಬೇಕು. 106 ಕಡೆಯೂ ಒಂದಕ್ಷರ ಬದಲಾಗದೆ ಇಡಬೇಕು. ಬೇಸರ ಬರದಿರಲೆಂದು ಪದ ಬದಲಿಸುವ ಚಪಲ ಅನುವಾದಕರಿಗೆ ಸಹಜ, ಇಲ್ಲಿ ಅದು ಪುಸ್ತಕವನ್ನೇ ಕೆಡಿಸುತ್ತದೆ. ಐವತ್ತನೇ ಸಲ ಬರುವ ಹೊತ್ತಿಗೆ ಸಮಾಧಾನದ ಮಾತು ಅಸಹನೀಯವಾಗಬೇಕು, ಆಗಲೇ ಅದರ ಕೆಲಸ ಮುಗಿಯುವುದು. ಕೊನೆಯ ಅಧ್ಯಾಯದಲ್ಲಿ ಲೇಖಕರೇ, ನಾವೆಲ್ಲ ಸತ್ತಂತೆ ಕಂಡರೂ ಎಂದೆಂದಿಗೂ ಬದುಕಿರುತ್ತೇವೆ ಅನ್ನುವುದು ನಿಜವಾದರೆ ತನಗೇನೂ ಅಷ್ಟು ಸಂತೋಷವಿಲ್ಲ ಅನ್ನುತ್ತಾರೆ.

ಭಗವದ್ಗೀತೆಯನ್ನು ಕೇಳಿ ಬೆಳೆದವರಿಗೆ ಹನ್ನೊಂದನೇ ಅಧ್ಯಾಯ ನೆನಪಾಗದೆ ಇರದು. ವಿಶ್ವರೂಪದಲ್ಲಿ ಅರ್ಜುನನಿಗೆ ಮುಂದಿನದೆಲ್ಲ ಒಟ್ಟಿಗೇ ಕಾಣುತ್ತದೆ. ಇವರೆಲ್ಲ ನನ್ನಿಂದ ಮೊದಲೇ ಹತರಾಗಿದ್ದಾರೆ, ನೀನು ನಿಮಿತ್ತಮಾತ್ರನಾಗು ಎಂದು ಕೃಷ್ಣ ಹೇಳುತ್ತಾನೆ. ಟ್ರಾಲ್ಫಮಡೋರಿನ ನೋಟಕ್ಕೆ ಇದು ಎಷ್ಟು ಹತ್ತಿರವೋ ಅಷ್ಟೇ ದೂರ. ಹದಿನೆಂಟನೇ ಅಧ್ಯಾಯದಲ್ಲಿ ಎಲ್ಲ ಹೇಳಿ ಮುಗಿಸಿದ ಮೇಲೆ ಅದೇ ಕೃಷ್ಣ, ಇದನ್ನು ಪೂರ್ತಿ ವಿಮರ್ಶಿಸಿ ನಿನಗೆ ಇಷ್ಟವಾದಂತೆ ಮಾಡು ಅನ್ನುತ್ತಾನೆ, “ಯಥೇಚ್ಛಸಿ ತಥಾ ಕುರು”. ಎಲ್ಲವನ್ನೂ ತೋರಿಸಿದವನು ಕೊನೆಗೆ ನಿರ್ಧಾರವನ್ನು ಅರ್ಜುನನ ಕೈಗೆ ಮರಳಿಸುತ್ತಾನೆ. ಟ್ರಾಲ್ಫಮಡೋರಿನವರು ಮರಳಿಸುವುದಿಲ್ಲ, ಹಿತವಾದ ಕ್ಷಣಗಳನ್ನು ನೋಡು, ಯುದ್ಧಗಳ ಕಡೆ ನೋಡಬೇಡ ಅನ್ನುತ್ತಾರೆ.

ಇಚ್ಛೆ ತೋರಿಸಿದ ಪಾತ್ರ ಈ ಪುಸ್ತಕದಲ್ಲಿ ಯಾರೂ ಇಲ್ಲವೆ ಎಂದು ಕೇಳಿದರೆ, ಎಡ್ಗರ್ ಡರ್ಬಿ ಇದ್ದಾನೆ. 44 ವರ್ಷದ ಶಾಲಾ ಮೇಷ್ಟ್ರು. ನಾಜಿಗಳ ಪರ ಸೇರಿದ ಅಮೆರಿಕನ್ ಒಬ್ಬ ಕಸಾಯಿಖಾನೆಗೆ ಬಂದು, ನಮ್ಮ ಕಡೆ ಬನ್ನಿ, ಹೊಟ್ಟೆ ತುಂಬ ಊಟ ಕೊಡುತ್ತೇವೆ ಅನ್ನುತ್ತಾನೆ. ಹಸಿವಿನಿಂದ ಸೋತ ಸೆರೆಯಾಳುಗಳ ನಡುವಿನಿಂದ ಡರ್ಬಿ ಎದ್ದು ನಿಲ್ಲುತ್ತಾನೆ, ಅವನ ಮುಖಕ್ಕೆ ಹೊಡೆದ ಹಾಗೆ ಉತ್ತರಿಸುತ್ತಾನೆ. ದೈತ್ಯ ಶಕ್ತಿಗಳ ಕೈಗೊಂಬೆಗಳೇ ತುಂಬಿದ ಈ ಕತೆಯಲ್ಲಿ ಡರ್ಬಿ ಆಗ ಒಂದು ಪಾತ್ರವಾದ ಎಂದು ನಿರೂಪಕ ಹೇಳುತ್ತಾನೆ. ಯುದ್ಧ ಮನುಷ್ಯನಿಂದ ಕಸಿದುಕೊಳ್ಳುವುದು ಪಾತ್ರವಾಗುವ ಧೈರ್ಯವನ್ನೇ. ಮರುರಾತ್ರಿ ಊರು ಉರಿಯಿತು. ಆಮೇಲೆ ಅವಶೇಷದಲ್ಲಿ ಸಿಕ್ಕ ಒಂದು ಟೀ ಕುಡಿಕೆ ಎತ್ತಿಕೊಂಡ ತಪ್ಪಿಗೆ ಡರ್ಬಿಯನ್ನು ಗುಂಡಿಟ್ಟು ಕೊಂದರು. ಅವನು ಹಾಗೆ ಸಾಯುತ್ತಾನೆಂದು ಮೊದಲ ಅಧ್ಯಾಯದಲ್ಲೇ ನಮಗೆ ಗೊತ್ತು. ಗೊತ್ತಿದ್ದದ್ದರಿಂದ ಅವನು ಎದ್ದು ನಿಂತ ಗಳಿಗೆಯ ಬೆಲೆ ಒಂದು ಕಾಸೂ ಕಡಿಮೆಯಾಗುವುದಿಲ್ಲ.

ಟ್ರಾಲ್ಫಮಡೋರ್ ನಿಜವೋ ಬಿಲ್ಲಿಯ ಕಲ್ಪನೆಯೋ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಭೂಮಿಯ ಗಂಡು ಹೆಣ್ಣನ್ನು ಬೇರೆ ಗ್ರಹದ ಮೃಗಾಲಯದಲ್ಲಿಡುವ ಕತೆಯನ್ನು ಬಿಲ್ಲಿ ಆಸ್ಪತ್ರೆಯಲ್ಲಿ ಓದಿದ್ದ ಎಂದು ಒಂಬತ್ತನೇ ಅಧ್ಯಾಯ ತೋರಿಸಿಕೊಡುತ್ತದೆ. ಸುಳಿವು ಅಷ್ಟು ಸಾಕು.

ಕೊನೆಗೆ ಕುದುರೆಗಳು. ಇವೂ ಒಂಬತ್ತನೇ ಅಧ್ಯಾಯದಲ್ಲಿವೆ. ಯುರೋಪಿನ ಯುದ್ಧ ಮುಗಿದು ಎರಡು ದಿನ. ಬಿಲ್ಲಿ ಮತ್ತು ಇನ್ನೂ ಐವರು ಸೆರೆಯಾಳುಗಳಿಗೆ ಊರ ಹೊರಗೆ ಶವಪೆಟ್ಟಿಗೆ ಆಕಾರದ ಹಸಿರು ಗಾಡಿಯೊಂದು ಎರಡು ಕುದುರೆಗಳ ಸಮೇತ ಸಿಕ್ಕಿದೆ. ನೆನಪಿಗೆ ಏನಾದರೂ ಎತ್ತಿಕೊಳ್ಳೋಣವೆಂದು ಅದರಲ್ಲೇ ಕಸಾಯಿಖಾನೆಗೆ ಮರಳಿದ್ದಾರೆ. ಉಳಿದವರು ಒಳಗೆ ಹೋದರೆ ಬಿಲ್ಲಿ ಗಾಡಿಯಲ್ಲೇ ಬಿಸಿಲಿಗೆ ಮೈಯೊಡ್ಡಿ ಮಲಗುತ್ತಾನೆ. ಹಿತವಾದ ಕ್ಷಣವನ್ನೇ ನೋಡು ಎಂದು ಟ್ರಾಲ್ಫಮಡೋರಿನವರು ಮುಂದೆ ಕಲಿಸುತ್ತಾರಲ್ಲ, ತನ್ನ ಬದುಕಿನ ಅತ್ಯಂತ ಸುಖದ ಕ್ಷಣವೆಂದು ಬಿಲ್ಲಿ ಆರಿಸಬಹುದಾಗಿದ್ದದ್ದು ಇದನ್ನೇ, ಗಾಡಿಯ ಹಿಂಬದಿಯ ಈ ಬಿಸಿಲ ನಿದ್ದೆಯನ್ನು.

ಎಚ್ಚರಾದಾಗ ಗಾಡಿಯ ಮುಂದೆ ಮೆಲ್ಲಗೆ ಮಾತು ಕೇಳುತ್ತದೆ. ಮಧ್ಯವಯಸ್ಸಿನ ಜರ್ಮನ್ ದಂಪತಿ, ಇಬ್ಬರೂ ಹೆರಿಗೆ ವೈದ್ಯರು, ಕುದುರೆಗಳನ್ನು ಸಂತೈಸುತ್ತಿದ್ದಾರೆ. ಅಮೆರಿಕನ್ನರ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೆ ಬಿದ್ದಿದೆ. ಕಡಿವಾಣ ಕೊರೆದು ಕುದುರೆಗಳ ಬಾಯಿಂದ ರಕ್ತ ಒಸರುತ್ತಿದೆ. ಗೊರಸು ಒಡೆದಿದೆ, ಒಂದೊಂದು ಹೆಜ್ಜೆಯೂ ನರಕ. ಬಾಯಾರಿಕೆಯಿಂದ ಹುಚ್ಚು ಹಿಡಿದಂತಾಗಿವೆ. ಅವರು ಬಿಲ್ಲಿಯನ್ನು ಗಾಡಿಯಿಂದ ಇಳಿಸಿ, ಬಂದು ನೋಡು ಅನ್ನುತ್ತಾರೆ. ಡ್ರೆಸ್ಡೆನ್ ಉರಿದಾಗ ಅಳದವನು, ಹೆಣ ಅಗೆಯುವಾಗ ಅಳದವನು, ಇಡೀ ಯುದ್ಧದಲ್ಲಿ ಒಮ್ಮೆಯೂ ಅಳದವನು ಆಗ ಅಳುತ್ತಾನೆ. ಬಾಂಬು ಅವನು ಹಾಕಿದ್ದಲ್ಲ. ಈ ಕುದುರೆಗಳಿಗೆ ನೀರು ತೋರಿಸದಿದ್ದದ್ದು ಅವನೂ ಅವನ ಜೊತೆಯವರೂ. ಒಂದು ಬಕೆಟ್ ನೀರು ಸಾಕಾಗಿತ್ತು. ಅವನ ಬದುಕಿನ ಅತ್ಯಂತ ಸುಖದ ಕ್ಷಣದ ಒಳಗೇ, ಅವನು ಮಲಗಿದ್ದಲ್ಲಿಂದ ನಾಲ್ಕಾರು ಅಡಿ ಮುಂದೆ, ಅವು ನೊಗಕ್ಕೆ ಕಟ್ಟಿಕೊಂಡೇ ನಿಂತಿದ್ದವು.